ತೆಳುವೇ ಬೇರೆ, ಹಗುರವೇ ಬೇರೆ

ಲ್ಯಾಪ್‌ಟಾಪ್ ಜಾಹೀರಾತುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ನಾವು ದಿನಕ್ಕೆ ಎಂಟು-ಹತ್ತು ಗಂಟೆ ದಿಟ್ಟಿಸೋದು ಪರದೆಯನ್ನ, ಕುಟ್ಟೋದು ಕೀಬೋರ್ಡನ್ನ. ಜಾಹೀರಾತಿನಲ್ಲಿ ಮಾತ್ರ ದೊಡ್ಡದಾಗಿ ಕಾಣೋದು ಪಕ್ಕದ ಅಂಚು. ಕಪ್ಪು ಹಿನ್ನೆಲೆಯಲ್ಲಿ ಚಾಕುವಿನ ಅಲಗಿನಂಥ ಒಂದು ಬೆಳ್ಳಿ ಗೆರೆ. ಕೆಲಸ ಮಾಡುವಾಗ ಯಾವ ಮನುಷ್ಯನೂ ತನ್ನ ಲ್ಯಾಪ್‌ಟಾಪನ್ನು ಆ ಕಡೆಯಿಂದ ನೋಡೋದಿಲ್ಲ.

ಅಂಗಡಿಗೆ ಹೋದರೂ ಇದೇ ಕತೆ. ‘ಸರ್, ಇದು ಥಿನ್ ಆಂಡ್ ಲೈಟ್’ ಅಂತ ಒಂದೇ ಉಸಿರಲ್ಲಿ ಹೇಳ್ತಾರೆ. ಕೇಳಿ ಕೇಳಿ ಅದು ಉಪ್ಪು-ಖಾರದ ಥರ ಜೋಡಿಪದವೇ ಆಗಿಹೋಗಿದೆ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ನೋಡಿ: ತೆಳು, ಹಗುರ. ಎರಡು ಬೇರೆ ಗುಣ ಅಂತ ತಕ್ಷಣ ಗೊತ್ತಾಗುತ್ತೆ. ನಾನು ತುಮಕೂರು ಜಿಲ್ಲೆಯ ಕೊಬ್ಬರಿ ಸೀಮೆಯವನು. ನಮ್ಮಲ್ಲಿ ಮಚ್ಚು ತೆಳ್ಳಗಿರುತ್ತೆ, ಆದರೆ ಹಗುರ ಅಲ್ಲ. ಒಣಗಿದ ತೆಂಗಿನ ಸಿಪ್ಪೆ ದಪ್ಪಗಿರುತ್ತೆ, ಆದರೆ ಭಾರ ಅಲ್ಲ. ತೆಳು ಕಣ್ಣಿಗೆ ಸಂಬಂಧಪಟ್ಟಿದ್ದು, ಹಗುರ ಹೆಗಲಿಗೆ ಸಂಬಂಧಪಟ್ಟಿದ್ದು.

ಅಲ್ಟ್ರಾ-ಥಿನ್ ಲ್ಯಾಪ್‌ಟಾಪುಗಳ ಮೇಲೆ ನನ್ನ ತಕರಾರು ಇಷ್ಟೇ. ಹೆಗಲಿನ ಕಷ್ಟ ಹೇಳಿಕೊಂಡು ಅಂಗಡಿಗೆ ಹೋಗಿ, ಕಣ್ಣಿನ ಆಸೆಗೆ ದುಡ್ಡು ಕೊಟ್ಟು ಬರ್ತೀವಿ. ಹಗುರಕ್ಕೆ ದುಡ್ಡು ಕೊಡೋದರಲ್ಲಿ ನ್ಯಾಯ ಇದೆ. ತೆಳುವಿಗೆ ಕೊಡೋ ದುಡ್ಡು, ಅದರ ಜೊತೆಗೆ ಬಿಟ್ಟುಕೊಡೋ ಕೆಲಸದ ತಾಕತ್ತು, ರಿಪೇರಿಯ ದಾರಿ, ಇವೆಲ್ಲ ಎಷ್ಟು ಅಂತ ಬಿಲ್ಲಿನಲ್ಲಿ ಎಲ್ಲೂ ಬರೆದಿರೋದಿಲ್ಲ. ಆ ಬಿಲ್ಲನ್ನ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಕತೆ ಶುರುವಾಗೋದು 2008ರ ಜನವರಿ 15ರಂದು. ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ವೇದಿಕೆ ಮೇಲೆ ಸ್ಟೀವ್ ಜಾಬ್ಸ್ ಒಂದು ಕಂದು ಬಣ್ಣದ ಆಫೀಸ್ ಲಕೋಟೆಯಿಂದ ಮೊದಲ ಮ್ಯಾಕ್‌ಬುಕ್ ಏರ್ ಹೊರಗೆಳೆದರು. ಅತಿ ತೆಳುವಾದ ಜಾಗದಲ್ಲಿ 4 ಮಿಲಿಮೀಟರ್, ಅತಿ ದಪ್ಪ ಇರುವ ಕಡೆ 19.4 ಮಿಲಿಮೀಟರ್. ತೂಕ 1.36 ಕೆಜಿ, ಬೆಲೆ 1,799 ಡಾಲರ್. ತೆಳು ಲ್ಯಾಪ್‌ಟಾಪುಗಳು ಅದಕ್ಕೂ ಮುಂಚೆ ಇದ್ದವು, ಸೋನಿಯವರು ಮಾಡಿದ್ದರು. ಆದರೆ ಜಗತ್ತಿನ ಕಣ್ಣಲ್ಲಿ ‘ಒಳ್ಳೆ ಲ್ಯಾಪ್‌ಟಾಪ್ ಅಂದ್ರೆ ತೆಳ್ಳಗಿರಬೇಕು’ ಅಂತ ಕೂತಿದ್ದು ಆ ಲಕೋಟೆಯಿಂದಲೇ.

ಆವತ್ತು ಅದೇ ಕಂಪನಿಯ ಮಾಮೂಲಿ ಬಿಳಿ ಮ್ಯಾಕ್‌ಬುಕ್ 1,099 ಡಾಲರಿಗೆ ಸಿಗುತ್ತಿತ್ತು. ಅದರ ತೂಕ ಸುಮಾರು 2.27 ಕೆಜಿ. ಅಂದರೆ 900 ಗ್ರಾಂ ಇಳಿಸೋದಕ್ಕೆ 700 ಡಾಲರ್ ಹೆಚ್ಚು. ಇಷ್ಟೇ ಆಗಿದ್ದರೆ ‘ಸರಿ ಬಿಡಪ್ಪಾ, ಹೆಗಲಿಗೆ ಕೊಟ್ಟ ದುಡ್ಡು’ ಅನ್ನಬಹುದಿತ್ತು. ಆದರೆ ಬಿಳಿಯದರಲ್ಲಿ 2 ಗಿಗಾಹರ್ಟ್ಸ್ ಪ್ರೊಸೆಸರ್ ಇದ್ದರೆ ಏರ್‌ನಲ್ಲಿ 1.6. ಏರ್‌ನ ಹಾರ್ಡ್ ಡಿಸ್ಕು ಐಪಾಡಿನಲ್ಲಿ ಹಾಕುವ 1.8 ಇಂಚಿನ ಜಾತಿಯದು, ನಿಮಿಷಕ್ಕೆ 4,200 ಸುತ್ತಷ್ಟೇ ತಿರುಗುವಂಥದು. ಇದ್ದಿದ್ದು ಒಂದೇ ಒಂದು ಯುಎಸ್‌ಬಿ. ನೆಟ್‌ವರ್ಕ್ ಕೇಬಲ್ ಚುಚ್ಚೋಕೆ ಜಾಗ ಇಲ್ಲ, ಸೀಡಿ ಡ್ರೈವ್ ಇಲ್ಲ. 2 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ. ಬ್ಯಾಟರಿಯನ್ನು ಬಳಸುವವರು ತಾವೇ ಬದಲಿಸೋ ಹಾಗಿಲ್ಲ. ಡಿಸ್ಕಿನ ಬದಲು 64 ಜಿಬಿ ಎಸ್‌ಎಸ್‌ಡಿ ಮತ್ತು ಸ್ವಲ್ಪ ವೇಗದ ಪ್ರೊಸೆಸರ್ ಬೇಕು ಅಂದ್ರೆ ಒಟ್ಟು ಬೆಲೆ 3,098 ಡಾಲರ್.

ಇಲ್ಲಿಂದ ಮುಂದೆ ಎರಡು ದಾರಿ ಒಡೆದವು. ಒಂದು ಹೆಗಲಿನ ದಾರಿ, ಇನ್ನೊಂದು ಕಣ್ಣಿನ ದಾರಿ. ಕಣ್ಣಿನ ದಾರಿಯ ಅತಿ ಶುದ್ಧ ಉದಾಹರಣೆ 2009ರಲ್ಲಿ ಬಂದ ಡೆಲ್ ಅಡಾಮೊ. 13 ಇಂಚಿನ ಆಸುಪಾಸಿನ ಪರದೆ, 16.5 ಮಿಲಿಮೀಟರ್ ದಪ್ಪ. ಏರ್‌ಗಿಂತಲೂ ತೆಳು ಅಂತ ಸುದ್ದಿಯಾಯಿತು. ಬೆಲೆ 1,999 ಡಾಲರಿನಿಂದ ಶುರು. ತೂಕ? ಸುಮಾರು 1.8 ಕೆಜಿ! ಏರ್‌ಗಿಂತ ಹತ್ತಿರ ಹತ್ತಿರ ಅರ್ಧ ಕೆಜಿ ಹೆಚ್ಚು. ಅಲ್ಯುಮಿನಿಯಂ, ಗಾಜು ಎಲ್ಲಾ ಸೇರಿಸಿ ಒಡವೆ ಮಾಡಿದ ಹಾಗೆ ಮಾಡಿದ್ದರು. ನಮ್ಮೂರ ಮಚ್ಚು ನೆನಪಾಗುತ್ತೆ ನನಗೆ. 2011ರ ಹೊತ್ತಿಗೆ ಡೆಲ್ ಆ ಸರಣಿಯನ್ನೇ ನಿಲ್ಲಿಸಿತು.

ಹೆಗಲಿನ ದಾರಿಗೆ ಒಳ್ಳೆ ಉದಾಹರಣೆ ಎಲ್‌ಜಿ ಗ್ರಾಮ್. ಹೆಸರೇ ತೂಕದ ಅಳತೆ. 2019ರ ಗ್ರಾಮ್ 17ರ ಪರದೆ 17 ಇಂಚು, ದಪ್ಪ ಸುಮಾರು 17.8 ಮಿಲಿಮೀಟರ್, ತೂಕ 1.35 ಕೆಜಿ ಆಸುಪಾಸು. ಅಡಾಮೊಗಿಂತ ಕೇವಲ ಒಂದು ಚಿಲ್ಲರೆ ಮಿಲಿಮೀಟರ್ ದಪ್ಪ, ಆದರೆ ಸುಮಾರು 450 ಗ್ರಾಂ ಹಗುರ, ಅದೂ ಅಷ್ಟು ದೊಡ್ಡ ಪರದೆ ಹೊತ್ತುಕೊಂಡು. ಜೊತೆಗೆ ಒಳಗೆ ಒಂದು ರ‍್ಯಾಮ್ ಸ್ಲಾಟ್ ಕೂಡ ಕೊಟ್ಟಿದ್ದರು. ನಡುವೆ ಹತ್ತು ವರ್ಷದ ಅಂತರ ಇದೆ, ಆ ಹೊತ್ತಿಗೆ ಚಿಪ್ಪು, ಪರದೆ ಎಲ್ಲ ಸುಧಾರಿಸಿದ್ದವು ಅನ್ನೋದನ್ನ ಒಪ್ಪೋಣ. ಗ್ರಾಮ್ ಅಗ್ಗದ ಮಾಲೂ ಅಲ್ಲ. ಮೆಗ್ನೀಸಿಯಂ ಮಿಶ್ರಲೋಹದ ಮೈ ಒತ್ತಿದರೆ ಸ್ವಲ್ಪ ಬಾಗುತ್ತೆ, ಕೈಗೆ ಗಟ್ಟಿ ಅನ್ನಿಸಲ್ಲ. ಆದರೂ ವಿಷಯ ಸ್ಪಷ್ಟ: ತೂಕ ಇಳಿಸಬೇಕು ಅನ್ನೋದು ಗುರಿಯಾದರೆ ಎಂಜಿನಿಯರುಗಳು ತೆಗೆದುಕೊಳ್ಳೋ ನಿರ್ಧಾರಗಳೇ ಬೇರೆ, ದಪ್ಪ ಇಳಿಸಬೇಕು ಅನ್ನೋದು ಗುರಿಯಾದರೆ ತೆಗೆದುಕೊಳ್ಳೋದೇ ಬೇರೆ.

ಈಗ ಕೆಲಸದ ತಾಕತ್ತಿನ ವಿಷಯಕ್ಕೆ ಬರೋಣ. ಇದರಲ್ಲಿ ಮ್ಯಾಜಿಕ್ ಏನಿಲ್ಲ, ಪಿಯುಸಿ ಫಿಸಿಕ್ಸ್ ಸಾಕು. ಪ್ರೊಸೆಸರ್ ತಿನ್ನೋ ಕರೆಂಟೆಲ್ಲ ಕೊನೆಗೆ ಶಾಖ ಆಗುತ್ತೆ. ಆ ಶಾಖ ಹೊರಗೆ ಹೋಗಬೇಕು ಅಂದ್ರೆ ತಾಮ್ರ ಬೇಕು, ಗಾಳಿ ಬೇಕು, ಗಾಳಿ ಓಡಾಡೋಕೆ ಜಾಗ ಬೇಕು. ಲ್ಯಾಪ್‌ಟಾಪ್ ತೆಳುವಾದಷ್ಟೂ ಫ್ಯಾನಿನ ರೆಕ್ಕೆಯ ಎತ್ತರ ಕಮ್ಮಿ. ಅಷ್ಟೇ ಗಾಳಿ ನೂಕಬೇಕಾದರೆ ಅದು ಇನ್ನೂ ಜೋರಾಗಿ ತಿರುಗಬೇಕು. ಅದಕ್ಕೇ ಕೆಲವು ತೆಳು ಲ್ಯಾಪ್‌ಟಾಪುಗಳು ವಿಡಿಯೋ ಕಾಲಿನ ಮಧ್ಯೆ ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನೋದು. ಶಾಖ ಹೊರಗೆ ಹಾಕಲಾಗದಿದ್ದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ.

2011ರ ಮೇ 31ರಂದು ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಇಂಟೆಲ್ ಕಂಪನಿ ‘ಅಲ್ಟ್ರಾಬುಕ್’ ಅನ್ನೋ ಹೊಸ ಜಾತಿಯನ್ನು ಘೋಷಿಸಿತು. ದಪ್ಪ 20 ಮಿಲಿಮೀಟರಿನ ಒಳಗೆ, ಬೆಲೆ ಸಾವಿರ ಡಾಲರಿನ ಒಳಗೆ. 2012 ಮುಗಿಯೋ ಹೊತ್ತಿಗೆ ಜನ ಕೊಳ್ಳೋ ಲ್ಯಾಪ್‌ಟಾಪುಗಳಲ್ಲಿ ನೂರಕ್ಕೆ 40 ಅಲ್ಟ್ರಾಬುಕ್ಕೇ ಆಗಿರುತ್ತೆ ಅಂತಲೂ ಹೇಳಿಕೊಂಡರು. ಆ ಗುರಿ ಮುಟ್ಟಲಿಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದಿದ್ದು ಇನ್ನೊಂದು ವಿಷಯ. ಆ ವರ್ಷದ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಹಾಕುತ್ತಿದ್ದ ಕೋರ್ ಐ5-2410ಎಂ ಚಿಪ್ಪು 35 ವ್ಯಾಟಿನದು, ಮೂಲ ವೇಗ 2.3 ಗಿಗಾಹರ್ಟ್ಸ್. ಏಸರ್‌ನ ಮೊದಲ ಅಲ್ಟ್ರಾಬುಕ್ ಆಸ್ಪೈರ್ ಎಸ್3ಯಲ್ಲಿ ಬಂದ ಕೋರ್ ಐ5-2467ಎಂ 17 ವ್ಯಾಟಿನದು, ಮೂಲ ವೇಗ 1.6. ಎರಡರ ಮೇಲೂ ಅಂಟಿಸಿದ ಸ್ಟಿಕ್ಕರ್ ಒಂದೇ: ಐ5. ಅಂಗಡಿಯಲ್ಲಿ ‘ಇದೂ ಐ5, ಅದೂ ಐ5 ಸರ್, ಇದು ಸ್ಲಿಮ್ ಅಷ್ಟೇ’ ಅಂದ್ರೆ ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ನಿಜ ಹೇಳಿದ ಹಾಗೂ ಆಗಲಿಲ್ಲ.

ಇಲ್ಲೊಂದು ಮಾತು ತೆಳು ಲ್ಯಾಪ್‌ಟಾಪುಗಳ ಪರವಾಗಿಯೂ ಹೇಳಲೇಬೇಕು. ಅರ್ಧ ವ್ಯಾಟ್ ಅಂದರೆ ಅರ್ಧ ವೇಗ ಅಲ್ಲ. ಚಿಪ್ಪಿನ ವೇಗ ಇಳಿಸಿದಾಗ ಅದರ ವೋಲ್ಟೇಜನ್ನೂ ಇಳಿಸಬಹುದು. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರಿಳಿಯುತ್ತೆ. ಹಾಗಾಗಿ ವೇಗ ಸ್ವಲ್ಪ ಬಿಟ್ಟುಕೊಟ್ಟರೆ ಶಾಖ ಬಹಳ ಇಳಿಯುತ್ತೆ. ಮೇಲ್, ಬ್ರೌಸರ್, ಎಕ್ಸೆಲ್, ಸಿನಿಮಾ, ಇಂಥ ಕೆಲಸಗಳಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ಯಾಕಂದ್ರೆ ಈ ಕೆಲಸಗಳಲ್ಲಿ ಪ್ರೊಸೆಸರ್ ಎರಡು ಸೆಕೆಂಡ್ ಓಡಿ ಹತ್ತು ಸೆಕೆಂಡ್ ಸುಮ್ಮನಿರುತ್ತೆ. ಬಸ್ ಹಿಡಿಯೋಕೆ ಸ್ಟ್ಯಾಂಡಿನವರೆಗೆ ಓಡೋದು ಒಂದು, ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗೋದು ಇನ್ನೊಂದು. ತೆಳು ಲ್ಯಾಪ್‌ಟಾಪು ಸ್ಟ್ಯಾಂಡಿನವರೆಗೆ ಚೆನ್ನಾಗೇ ಓಡುತ್ತೆ. ನನ್ನಂಥವನು ದೊಡ್ಡ ಪ್ರಾಜೆಕ್ಟನ್ನು ಬಿಲ್ಡ್‌ಗೆ ಹಾಕಿದಾಗ, ಎರಡು ವರ್ಚುವಲ್ ಮೆಷೀನ್ ಎಬ್ಬಿಸಿ ಜೊತೆಗೆ ಒಂದು ಟೀಮ್ಸ್ ಕಾಲ್ ಇಟ್ಟುಕೊಂಡಾಗ, ಪಾದಯಾತ್ರೆ ಶುರುವಾಗುತ್ತೆ. ಮೊದಲ ಬಿಲ್ಡ್‌ನಲ್ಲಿ ತೆಳು, ದಪ್ಪ ಎರಡೂ ಸರಿಸಮ. ಮೂರನೆಯದು, ನಾಲ್ಕನೆಯದರ ಹೊತ್ತಿಗೆ ತೆಳುವಿನ ಉಸಿರು ಕಟ್ಟಿರುತ್ತೆ.

ರಿವ್ಯೂಗಳ ಮೇಲಿನ ನನ್ನ ದೊಡ್ಡ ಸಿಟ್ಟೂ ಇದೇ. ಬೆಂಚ್‌ಮಾರ್ಕನ್ನು ಒಂದು ಸಲ ಓಡಿಸಿ ಅಂಕಿ ಹಾಕಿಬಿಡ್ತಾರೆ. ಅದು ಮೊದಲ ನಿಮಿಷದ ಅಂಕಿ. ನಾವು ಸಂಬಳ ತಗೊಳ್ಳೋದು ಇಪ್ಪತ್ತನೇ ನಿಮಿಷಕ್ಕೆ. ಇನ್ನೂ ಒಂದು ಸೂಕ್ಷ್ಮ ಇದೆ. ಒಂದೇ ಚಿಪ್ಪಿಗೆ ಎಷ್ಟು ವ್ಯಾಟ್ ಕೊಡಬೇಕು ಅನ್ನೋದನ್ನ ಲ್ಯಾಪ್‌ಟಾಪ್ ಮಾಡುವ ಕಂಪನಿಯೇ ನಿಗದಿ ಮಾಡಬಹುದು. ಉದಾಹರಣೆಗೆ ಇಂಟೆಲ್‌ನ ಐ7-8550ಯು ಚಿಪ್ಪು ಹೇಳೋಕೆ 15 ವ್ಯಾಟಿನದು. ಅದನ್ನ 10ಕ್ಕೆ ಇಳಿಸಬಹುದು, 25ಕ್ಕೆ ಏರಿಸಬಹುದು. ಅಂದರೆ ಒಂದೇ ಹೆಸರಿನ ಚಿಪ್ಪು ಇರುವ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಎತ್ತು, ಇನ್ನೊಂದು ಕರು ಆಗಿರಬಹುದು. ಈ ವ್ಯಾಟಿನ ಅಂಕಿ ಡಬ್ಬಿಯ ಮೇಲೆ ಕಾಣೋದು ಅಪರೂಪ. ಮಿಲಿಮೀಟರ್ ಮಾತ್ರ ದಶಮಾಂಶ ಬಿಂದುವಿನ ಸಮೇತ ಇರುತ್ತೆ.

ಮಿಲಿಮೀಟರ್ ಅಂದರೆ ಎಷ್ಟು ಅಂತಲೂ ಒಂದು ಅಂದಾಜು ಇರಲಿ. 20 ಮಿಲಿಮೀಟರಿನ ಲ್ಯಾಪ್‌ಟಾಪಿಗೂ 15 ಮಿಲಿಮೀಟರಿನದಕ್ಕೂ ಇರೋ ವ್ಯತ್ಯಾಸ 5 ಮಿಲಿಮೀಟರ್. ಜೆರಾಕ್ಸ್ ಅಂಗಡಿಯ ಮಾಮೂಲಿ ಎ4 ಹಾಳೆ 50 ಜೋಡಿಸಿದರೆ ಹೆಚ್ಚುಕಮ್ಮಿ ಅಷ್ಟು ದಪ್ಪ ಆಗುತ್ತೆ. ಬ್ಯಾಗಿನಲ್ಲಿ 50 ಹಾಳೆ ಹಿಡಿಸೋ ಜಾಗ ಉಳಿಸೋಕೆ ನಾವು ಏನೇನು ಬಿಟ್ಟುಕೊಡ್ತೀವಿ ನೋಡಿ. ರ‍್ಯಾಮ್ ಸ್ಲಾಟ್ ಹೋಗುತ್ತೆ. ಎಚ್‌ಡಿಎಂಐ, ನೆಟ್‌ವರ್ಕ್ ಕೇಬಲ್ಲಿನ ಕಿಂಡಿ ಹೋಗುತ್ತೆ. ಆಮೇಲೆ ಅವೇ ಕಿಂಡಿಗಳನ್ನು ಡಾಂಗಲ್ ರೂಪದಲ್ಲಿ ಬೇರೆ ದುಡ್ಡು ಕೊಟ್ಟು ಕೊಂಡು, ಅದೇ ಬ್ಯಾಗಿನಲ್ಲಿ ಹೊತ್ತು ತಿರುಗ್ತೀವಿ. ಕೀಲಿ ಒತ್ತಿದರೆ ಬೆರಳಿಗೆ ಸಿಗೋ ಆಳ ಹೋಗುತ್ತೆ.

ಈ ಕೀಲಿಯದ್ದೇ ಒಂದು ದೊಡ್ಡ ಪಾಠ. 2015ರಲ್ಲಿ ಆಪಲ್ 12 ಇಂಚಿನ ಮ್ಯಾಕ್‌ಬುಕ್ ತಂದಿತು. 13.1 ಮಿಲಿಮೀಟರ್, 920 ಗ್ರಾಂ, ಫ್ಯಾನ್ ಇಲ್ಲ, ಚಾರ್ಜಿಂಗಿಗೂ ಉಳಿದ ಎಲ್ಲದಕ್ಕೂ ಸೇರಿ ಒಂದೇ ಯುಎಸ್‌ಬಿ-ಸಿ ಕಿಂಡಿ, ಬೆಲೆ 1,299 ಡಾಲರ್. ಅಷ್ಟು ತೆಳುವಿನಲ್ಲಿ ಹಳೇ ಕೀಬೋರ್ಡ್ ಕೂರೋಲ್ಲ ಅಂತ ‘ಬಟರ್‌ಫ್ಲೈ’ ಅನ್ನೋ ಹೊಸ ವ್ಯವಸ್ಥೆ ಮಾಡಿದರು. ಕೀಲಿ ಒಳಗೆ ಹೋಗೋದು ಅರ್ಧ ಮಿಲಿಮೀಟರಿನ ಆಸುಪಾಸು. ಒಂದು ಕಣ ಧೂಳು ಹೊಕ್ಕರೆ ಅಕ್ಷರ ಮೂಡಲ್ಲ, ಇಲ್ಲಾ ಎರಡೆರಡು ಸಲ ಮೂಡುತ್ತೆ ಅಂತ ದೂರುಗಳು ಬಂದವು. 2018ರ ಜೂನ್‌ನಲ್ಲಿ ಕಂಪನಿಯೇ ಉಚಿತ ರಿಪೇರಿ ಕಾರ್ಯಕ್ರಮ ಶುರು ಮಾಡಬೇಕಾಯಿತು. ಆ 12 ಇಂಚಿನದು 2019ರಲ್ಲಿ ಮಾರಾಟದಿಂದ ಹೋಯಿತು. 2022ರಲ್ಲಿ ಅಮೆರಿಕದ ಗ್ರಾಹಕರ ಮೊಕದ್ದಮೆಯಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಂದ ಆಯಿತು.

ಅದಕ್ಕಿಂತ ದೊಡ್ಡ ಒಪ್ಪಿಗೆ 2021ರಲ್ಲಿ ಸಿಕ್ಕಿತು ಅಂತ ನನ್ನ ಲೆಕ್ಕ. 2016ರ ಮ್ಯಾಕ್‌ಬುಕ್ ಪ್ರೊದಿಂದ ಆಪಲ್ ಕಿತ್ತುಹಾಕಿದ್ದ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಕಿಂಡಿ, ಮ್ಯಾಗ್‌ಸೇಫ್ ಚಾರ್ಜರ್ ಮೂರೂ ಆ ವರ್ಷ ವಾಪಸ್ ಬಂದವು. 16 ಇಂಚಿನದರ ದಪ್ಪವೂ ಸ್ವಲ್ಪ ಹೆಚ್ಚಾಯಿತು, ತೂಕವೂ ಹೆಚ್ಚಾಯಿತು. ಕೆಲಸ ಮಾಡುವವರು ಗೊಣಗಲಿಲ್ಲ, ಖುಷಿಪಟ್ಟರು. ತೆಳುವನ್ನ ಜಗತ್ತಿಗೆ ಕಲಿಸಿದ ಕಂಪನಿಯೇ ‘ಇಲ್ಲಿ ಸ್ವಲ್ಪ ಅತಿಯಾಗಿತ್ತು’ ಅಂತ ಬಾಯಲ್ಲಿ ಹೇಳದೆ ಕೈಯಲ್ಲಿ ಮಾಡಿ ತೋರಿಸಿದ ಹಾಗಾಯಿತು.

‘ಹಾಗಾದ್ರೆ ಎಂ1 ಏರ್ ಬಗ್ಗೆ ಏನಂತೀರಿ?’ ಅಂತ ನೀವು ಕೇಳಬಹುದು, ಕೇಳಲೇಬೇಕು. 2020ರ ನವೆಂಬರಿನಲ್ಲಿ ಬಂದ ಆ ಯಂತ್ರದಲ್ಲಿ ಫ್ಯಾನೇ ಇಲ್ಲ, ತೂಕ 1.29 ಕೆಜಿ, ಅಮೆರಿಕದಲ್ಲಿ 999 ಡಾಲರ್, ನಮ್ಮಲ್ಲಿ 92,900 ರೂಪಾಯಿ. ಆ ಕಾಲದ ಎಷ್ಟೋ ದಪ್ಪ ಲ್ಯಾಪ್‌ಟಾಪುಗಳು ಅದರ ಮುಂದೆ ಏದುಸಿರು ಬಿಟ್ಟವು. ನಿಜ, ಒಪ್ಪಿದೆ. ಆದರೆ ಗಮನಿಸಿ: ಅದಕ್ಕೂ ಮುಂಚಿನ ಇಂಟೆಲ್ ಏರ್‌ನ ಅತಿ ಹೆಚ್ಚಿನ ದಪ್ಪ 16.1 ಮಿಲಿಮೀಟರ್, ಎಂ1 ಏರ್‌ನದ್ದೂ 16.1 ಮಿಲಿಮೀಟರ್. ಮೈ ಅದೇ, ಬದಲಾಗಿದ್ದು ಚಿಪ್ಪು. ಜಯ ತೆಳುವಿಗೆ ಸೇರಿದ್ದಲ್ಲ, ಕಮ್ಮಿ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡೋ ಚಿಪ್ಪಿಗೆ ಸೇರಿದ್ದು. ಅಂಥ ಚಿಪ್ಪು ಕೈಗೆ ಬಂದಾಗ ಅವರು ಆ ಲಾಭವನ್ನ ದಪ್ಪ ಇಳಿಸೋಕೆ ಬಳಸದೆ ಬ್ಯಾಟರಿ ಬಾಳಿಕೆಗೆ, ವೇಗಕ್ಕೆ ಬಳಸಿದರು. ಅದಕ್ಕೇ ಅದು ಗೆದ್ದಿತು.

ಅದರಲ್ಲೂ ಒಂದು ಮುಳ್ಳು ಇತ್ತು. ಕಮ್ಮಿ ಬೆಲೆಯ ಎಂ1 ಏರ್‌ನಲ್ಲಿ ಇದ್ದಿದ್ದು 8 ಜಿಬಿ ರ‍್ಯಾಮ್. 16 ಬೇಕು ಅಂದ್ರೆ ಕೊಳ್ಳುವಾಗಲೇ 20,000 ರೂಪಾಯಿ ಹೆಚ್ಚು ಕೊಡಬೇಕಿತ್ತು. ಆಮೇಲೆ ಬೇಕು ಅಂದ್ರೆ ಎಷ್ಟು ಕೊಟ್ಟರೂ ಇಲ್ಲ. ಮಾಮೂಲಿ ಲ್ಯಾಪ್‌ಟಾಪಿಗೆ ಹಾಕುವ 8 ಜಿಬಿ ಪಟ್ಟಿ ಆಗ ನಮ್ಮ ಎಸ್‌ಪಿ ರೋಡಿನಲ್ಲಿ ಅದರ ಕಾಲು ಭಾಗದ ದುಡ್ಡಿಗೂ ಸಿಗುತ್ತಿತ್ತು. ಎರಡೂ ಒಂದೇ ಜಾತಿಯ ಮೆಮೊರಿ ಅಲ್ಲ, ಒಪ್ಪೋಣ. ಆದರೂ ಹೋಲಿಸದೆ ಇರೋಕಾಗಲ್ಲ. 2024ರ ಅಕ್ಟೋಬರಿನಲ್ಲಿ ಆಪಲ್ ತಾನೇ ಏರ್‌ನ ಆರಂಭಿಕ ಮಾದರಿಗಳಿಗೆ ಅದೇ ಬೆಲೆಗೆ 16 ಜಿಬಿ ಕೊಡೋಕೆ ಶುರು ಮಾಡಿತು. ಅದಕ್ಕೂ ಹಿಂದಿನ ತಿಂಗಳು 8 ಜಿಬಿ ಕೊಂಡವನ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೂ ಪ್ರಯೋಜನ ಇಲ್ಲ.

ಬೆಸುಗೆ ಹಾಕೋದಕ್ಕೆ ತಾಂತ್ರಿಕ ಕಾರಣವೂ ಇದೆ, ಬರೀ ದುರಾಸೆ ಅಲ್ಲ. ಕಮ್ಮಿ ಕರೆಂಟಿನ ಮೆಮೊರಿ ಪ್ರೊಸೆಸರಿಗೆ ಅಂಟಿಕೊಂಡ ಹಾಗೆ ಹತ್ತಿರ ಇದ್ದರೇ ಸರಿಯಾಗಿ ಕೆಲಸ ಮಾಡೋದು. ಆದರೆ ಇದೇನೂ ಬ್ರಹ್ಮ ಬರೆದ ಬರಹವಲ್ಲ. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 15.85 ಮಿಲಿಮೀಟರ್ ದಪ್ಪ, 1.3 ಕೆಜಿ ತೂಕ. ಅದರಲ್ಲಿ ಎರಡು ರ‍್ಯಾಮ್ ಸ್ಲಾಟ್ ಇತ್ತು, ಬ್ಯಾಟರಿ, ಪರದೆ, ಕಿಂಡಿಗಳು ಎಲ್ಲವನ್ನೂ ಮನೆಯಲ್ಲೇ ಬದಲಿಸಬಹುದಿತ್ತು. 2024ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಪಿ1 ಏಳನೇ ತಲೆಮಾರು, ಕಮ್ಮಿ ಕರೆಂಟಿನ ಅದೇ ಜಾತಿಯ ಮೆಮೊರಿಯನ್ನ ಬಿಚ್ಚಿ ಹಾಕಬಹುದಾದ ಎಲ್‌ಪಿಕ್ಯಾಮ್2 ರೂಪದಲ್ಲಿ ತಂದಿತು. ಮನಸ್ಸಿದ್ದರೆ ಮಾರ್ಗ ಇದೆ. ಕೊಳ್ಳುವವರು ಕೇಳದಿದ್ದರೆ ಮಾಡುವವರಿಗೆ ಮನಸ್ಸು ಯಾಕೆ ಬರುತ್ತೆ?

ಬೆಲೆಯ ವಿಷಯದಲ್ಲಿ ನಮ್ಮ ದೇಶದವರಿಗೆ ಇನ್ನೊಂದು ಪೆಟ್ಟು ಇದೆ. ಇಂಟೆಲ್ ‘ಸಾವಿರ ಡಾಲರ್’ ಅಂತ ಹೇಳಿದಾಗ ಡಾಲರ್ ಸುಮಾರು 45 ರೂಪಾಯಿ ಇತ್ತು. ಒಂದೇ ವರ್ಷದಲ್ಲಿ 55 ದಾಟಿತು. ಅಲ್ಲಿ ಸಾವಿರ ಸಾವಿರವಾಗೇ ಇದ್ದರೂ ಇಲ್ಲಿ 45 ಸಾವಿರದ್ದು 55 ಸಾವಿರ ಆಯಿತು. ಈಗ ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಮೆರಿಕದ ಸಾಫ್ಟ್‌ವೇರ್ ನೌಕರನಿಗೆ ಲ್ಯಾಪ್‌ಟಾಪ್ ಕೆಲವು ದಿನಗಳ ಸಂಬಳ. ಇಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಅದು ಎರಡು-ಮೂರು ತಿಂಗಳದ್ದು. ಆದರೆ ನಾವು ಓದೋ ರಿವ್ಯೂ ಅವನಿಗೋಸ್ಕರ ಬರೆದದ್ದು. ‘ಮೂರು ವರ್ಷಕ್ಕೊಮ್ಮೆ ಬದಲಿಸಿಬಿಡಿ’ ಅನ್ನೋ ಸಲಹೆ ಅವನಿಗೆ ಹೊಂದುತ್ತೆ. ನಮ್ಮಲ್ಲಿ ಲ್ಯಾಪ್‌ಟಾಪಿಗೆ ಎರಡನೇ ಜನ್ಮ, ಮೂರನೇ ಜನ್ಮ ಇರುತ್ತೆ. ಅಣ್ಣನ ಆಫೀಸು ಮುಗಿಸಿ ತಮ್ಮನ ಡಿಗ್ರಿಗೆ ಹೋಗುತ್ತೆ, ಆಮೇಲೆ ಊರಿನ ಮನೆಯಲ್ಲಿ ಪಹಣಿ ತೆಗೆಯೋಕೆ ಉಳಿಯುತ್ತೆ. ಬಿಚ್ಚಲಾಗದ ಯಂತ್ರ ಈ ಸರಪಳಿಯನ್ನ ಮೊದಲ ಕೊಂಡಿಯಲ್ಲೇ ಕಡಿಯುತ್ತೆ.

ಈ ವರ್ಷ ನಮ್ಮ ಚಿಕ್ಕಪ್ಪನ ಮಗಳು ಎಂಜಿನಿಯರಿಂಗ್ ಸೇರಿದಳು. ಚಿಕ್ಕಪ್ಪ ಫೋನ್ ಮಾಡಿದ್ರು: ‘ಎಷ್ಟಾಗುತ್ತೋ ಒಂದು ಲ್ಯಾಪ್‌ಟಾಪು?’

‘ಕೆಲಸಕ್ಕೆ ಬರೋದು ಅರವತ್ತು ಸಾವಿರ ಚಿಕ್ಕಪ್ಪ. ತೆಳ್ಳಗೆ ಇರೋದೇ ಬೇಕಂದ್ರೆ ತೊಂಬತ್ತರ ಮೇಲೆ.’

‘ಅಲ್ಲ ಕಣೋ, ತೆಳ್ಳಗಿದ್ರೆ ಜಾಸ್ತಿಯಾ? ತಿಪಟೂರಲ್ಲಿ ಕೊಬ್ಬರಿ ತೂಕ ಕಮ್ಮಿ ಬಂದ್ರೆ ನಮಗೆ ದುಡ್ಡು ಮುರ್ಕೋತಾರೆ. ಇದೇನಿದು ಉಲ್ಟಾ ಯಾಪಾರ?’

ನಕ್ಕೆ. ಆದರೆ ಅವರ ಕೈಯಿಂದ ಫೋನ್ ಕಿತ್ತುಕೊಂಡ ತಂಗಿ ನಗಲಿಲ್ಲ. ‘ಅಣ್ಣಾ, ನೀನು ಕ್ಯಾಬಲ್ಲಿ ಕೂತ್ಕೊಂಡು ಹೋಗ್ತೀಯ. ನಾನು ದಿನಾ ತುಮಕೂರಿಗೆ ಬಸ್ಸಲ್ಲಿ ನಿಂತ್ಕೊಂಡು ಹೋಗೋಳು. ರೆಕಾರ್ಡು, ನೀರಿನ ಬಾಟ್ಲು, ಊಟದ ಡಬ್ಬಿ, ಅದರ ಮೇಲೆ ಎರಡೂವರೆ ಕೆಜಿ ಕಲ್ಲು ಹೊರು ಅಂತೀಯಾ?’

ಅವಳ ಮಾತಿನಲ್ಲಿ ನ್ಯಾಯ ಇತ್ತು. ‘ದಪ್ಪ ಇದ್ರೆ ಏನಾಯ್ತು, ಪವರ್ ಮುಖ್ಯ’ ಅಂತ ಗೇಮಿಂಗ್ ಲ್ಯಾಪ್‌ಟಾಪ್ ಕಟ್ಟಿಸೋ ಅಣ್ಣಂದಿರು ಎಲ್ಲಾ ಮನೆಯಲ್ಲೂ ಇರ್ತಾರೆ. ಆ ಯಂತ್ರದ ಜೊತೆ ಇಟ್ಟಿಗೆಯಂಥ ಚಾರ್ಜರ್ ಬೇರೆ, ಅದೇ ಅರ್ಧ ಕೆಜಿ. ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದು ಕ್ಲಾಸಿನಲ್ಲಿ ಪ್ಲಗ್ ಹುಡುಕಬೇಕು. ಸಂಜೆ ಊರಿನಲ್ಲಿ ಕರೆಂಟ್ ಇಲ್ಲ. ಹಗುರ ಬೇಕು, ಬ್ಯಾಟರಿ ಬೇಕು ಅನ್ನೋದು ಅವಳ ಶೋಕಿ ಅಲ್ಲ, ಅವಳ ಹೆಗಲು. ನನ್ನ ಟೀಕೆ ಹಗುರದ ಮೇಲೆ ಅಲ್ಲ ಅಂತ ಇಷ್ಟು ಹೊತ್ತು ಹೇಳ್ತಾ ಬಂದಿದ್ದು ಇದಕ್ಕೇ.

ಅದೇ ಹೊತ್ತಿಗೆ ಲೆಕ್ಕ ಪೂರ್ತಿ ಹಾಕಬೇಕು. 1.2 ಕೆಜಿಯ ತೆಳು ಲ್ಯಾಪ್‌ಟಾಪಿಗೂ 1.5 ಕೆಜಿಯ ಮಾಮೂಲಿ 14 ಇಂಚಿನದಕ್ಕೂ ವ್ಯತ್ಯಾಸ 300 ಗ್ರಾಂ. ಒಂದು ಲೀಟರ್ ನೀರು ಒಂದು ಕೆಜಿ. ಕಾಲೇಜಿನಲ್ಲಿ ಕುಡಿಯೋ ನೀರು ಸಿಗುತ್ತೆ ಅಂತ ಬಾಟಲಿಯನ್ನ ಮುಕ್ಕಾಲು ತುಂಬಿಸಿಕೊಂಡು ಹೋದರೆ ಆ 300 ಗ್ರಾಮಿನಲ್ಲಿ 250 ಅಲ್ಲೇ ಉಳೀತು. ಆದರೆ 2.5 ಕೆಜಿಯಿಂದ 1.5 ಕೆಜಿಗೆ ಇಳಿಯೋದು ಒಂದು ಪೂರ್ತಿ ಬಾಟಲಿ. ಮೊದಲ ಒಂದು ಕೆಜಿ ಇಳಿಸೋದಕ್ಕೆ ಈಗ ಹೆಚ್ಚು ದುಡ್ಡು ಬೇಕಿಲ್ಲ, ಇಳಿಸಿ. ಕೊನೆಯ 300 ಗ್ರಾಂ ಇಳಿಸೋಕೆ, ಕೊನೆಯ 4-5 ಮಿಲಿಮೀಟರ್ ಕೆತ್ತೋಕೆ ಕೇಳೋ ಬೆಲೆ ಇದೆಯಲ್ಲ, ಅದೇ ಅತಿ ದುಬಾರಿ. 2018ರ ಏಸರ್ ಸ್ವಿಫ್ಟ್ 7 ದಪ್ಪವನ್ನ 8.98 ಮಿಲಿಮೀಟರಿಗೆ ತಂದು ಜಗತ್ತಿನಲ್ಲೇ ಅತಿ ತೆಳು ಅಂತ ಹೇಳಿಕೊಂಡಿತು. ಬೆಲೆ 1,699 ಡಾಲರ್. ಒಳಗೆ ಹಾಕಿದ್ದು ಹಿಂದಿನ ತಲೆಮಾರಿನ, ಫ್ಯಾನ್ ಬೇಡದ ನಿಧಾನದ ಚಿಪ್ಪು. ಆ ದುಡ್ಡಿಗೆ ಸಿಕ್ಕಿದ್ದು ದಾಖಲೆ, ಯಂತ್ರ ಅಲ್ಲ.

ಹಾಗಂತ ಎಲ್ಲರಿಗೂ ಒಂದೇ ಅಳತೆ ಹೊಲಿಯೋಕಾಗಲ್ಲ. ದಿನಾ ನಾಲ್ಕು ಕ್ಲೈಂಟ್ ಆಫೀಸು ಅಲೆಯೋ ಸೇಲ್ಸ್‌ನವರಿಗೆ, ಬರೆಯೋದೇ ಕೆಲಸವಾದ ವರದಿಗಾರರಿಗೆ, ತಿಂಗಳಿಗೆ ಹತ್ತು ಸಲ ವಿಮಾನ ಹತ್ತೋರಿಗೆ, ಬೆನ್ನುನೋವು ಇರೋರಿಗೆ ಆ ಕೊನೆಯ 300 ಗ್ರಾಮಿಗೂ ಬೆಲೆ ಇದೆ, ಕೊಡಲಿ. ವಾರಕ್ಕೆ ಎರಡು ದಿನ ಮನೆಯಿಂದ ಮೆಟ್ರೋ ಹತ್ತಿ ಆಫೀಸಿಗೆ ಹೋಗಿ, ಉಳಿದ ದಿನ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪನ್ನ ಮಾನಿಟರಿಗೆ ಸಿಕ್ಕಿಸಿ ಕೂರೋ ನಮ್ಮ ನಿಮ್ಮಂಥೋರು ಮಾತ್ರ ಒಮ್ಮೆ ಯೋಚಿಸಬೇಕು.

ಹಾಗಾಗಿ ಅಂಗಡಿಗೆ ಹೋದಾಗ ಪಕ್ಕದಿಂದ ನೋಡಬೇಡಿ, ಮೂರು ಪ್ರಶ್ನೆ ಕೇಳಿ. ಒಂದು: ಚಾರ್ಜರ್, ಡಾಂಗಲ್ ಸೇರಿ ತೂಕ ಎಷ್ಟು? ಎರಡು: ಈ ಚಿಪ್ಪಿಗೆ ನೀವು ಎಷ್ಟು ವ್ಯಾಟ್ ಬಿಟ್ಟಿದ್ದೀರಿ? ಅಂಗಡಿಯವರಿಗೆ ಗೊತ್ತಿರಲ್ಲ, ಪರವಾಗಿಲ್ಲ. ಒಂದೇ ಬೆಂಚ್‌ಮಾರ್ಕನ್ನ ಬಿಡುವಿಲ್ಲದೆ ಐದು ಸಲ ಓಡಿಸಿ ಐದನೇ ಅಂಕಿ ಕೊಟ್ಟಿರೋ ರಿವ್ಯೂ ಹುಡುಕಿ ಓದಿ. ಮೂರು: ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ಇವುಗಳಲ್ಲಿ ಯಾವ್ಯಾವುದನ್ನ ಬಿಚ್ಚಿ ಬದಲಿಸಬಹುದು? ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವಾಗ ಅದು ರಿಪೇರಿಗೆ ಎಷ್ಟು ಸುಲಭ ಅನ್ನೋದಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಲೇಬೇಕು ಅನ್ನೋ ಕಾನೂನು ಬಂತು. ನಮ್ಮಲ್ಲಿ ಅಂಥ ಚೀಟಿ ಬರೋವರೆಗೆ ನಾವೇ ಬಾಯಿ ಬಿಟ್ಟು ಕೇಳಬೇಕು.

ತಂಗಿಗೆ ಕೊನೆಗೆ ಕೊಂಡಿದ್ದು 14 ಇಂಚಿನ, ಒಂದೂವರೆ ಕೆಜಿಯೊಳಗಿನ, ನೋಡೋಕೆ ಆಫೀಸ್ ಫೈಲಿನ ಥರ ಸಪ್ಪೆಯಾಗಿರೋ ಒಂದು ಯಂತ್ರ. ಬಸ್ಸಿನಲ್ಲಿ ಪರವಾಗಿಲ್ಲ ಅಂತಾಳೆ. ಕಾಲೇಜಿನಲ್ಲಿ ಯಾರೂ ಅದರ ಫೋಟೋ ತೆಗೆಯಲ್ಲ ಅನ್ನೋದು ಅವಳಿಗೆ ಸ್ವಲ್ಪ ಬೇಜಾರು. 8 ಜಿಬಿ ರ‍್ಯಾಮ್ ಇದೆ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ ಇದೆ. ಮೂರನೇ ವರ್ಷಕ್ಕೆ ದೊಡ್ಡ ಪ್ರಾಜೆಕ್ಟ್ ಬಂದಾಗ, ಆ ಸಲದ ಕೊಬ್ಬರಿಗೆ ಒಳ್ಳೆ ದರ ಸಿಕ್ಕರೆ, ಚಿಕ್ಕಪ್ಪ ಅದನ್ನ ತುಂಬಿಸ್ತಾರೆ.